ಟ್ಯಾಂಕಿನ ಮೇಲಿನ ಅಬ್ಬಿ

ಒಣ ಸಿಮೆಂಟಿನ ಮೇಲೆ ಮೊದಲ ಚೆಂಬು ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಣ್ಣಿನದ್ದೂ ಅಲ್ಲ, ಸುಣ್ಣದ್ದೂ ಅಲ್ಲ; ಮೂಗಿನೊಳಗೆ ತಣ್ಣಗೆ ಕೂತುಬಿಡುವಂಥದ್ದು. ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಈಗಲೂ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಕೋಟದ ನಮ್ಮ ಮನೆಯಂಗಳಕ್ಕೆ ಬಾಲ್ಯವಿಡೀ ಅದೇ ವಾಸನೆ, ಅಡುಗೆಮನೆಯಿಂದ ಬರುವ ಕುಚ್ಚಲಕ್ಕಿ ಗಂಜಿಯ ಆವಿಯೊಡನೆ ಬೆರೆತದ್ದು. ಗಂಜಿ ಅಬ್ಬಿಯದು; ನಮ್ಮಲ್ಲಿ ತಾಯಿಯನ್ನು ಅಬ್ಬಿ ಎನ್ನುವುದು. ಸಿಮೆಂಟು ಅವಳ ಅಣ್ಣ ಚಂದು ಮಾವನದು. ಮಾವ ಗಾರೆ ಕೆಲಸದವನು. ಗೋಡೆ ಕಟ್ಟುವುದು ಅವನಿಗೆ ಹೊಟ್ಟೆಪಾಡಾದರೆ, ಗೇಟಿನ ಮೇಲೊಂದು ಸಿಂಹ, ಅಂಗಡಿಯ ನೆತ್ತಿಗೊಂದು ನವಿಲು ಮಾಡುವುದು ಪ್ರಾಣ. ಆದರೆ ಕ್ಯಾಲೆಂಡರ್ ನೋಡಿ ಮಾಡಲು ಬಾರದು. "ಎದ್ರಿಗ್ ಕಂಡದ್ ಮಾತ್ರ ಕೈಗ್ ಬತ್ತ್," ಎನ್ನುತ್ತಿದ್ದ. ಸಿಂಹ ಬೇಕೆಂದವರಿಗೆ ನಮ್ಮ ನಾಯಿ ಕಾಳುವನ್ನು ಕೂರಿಸಿಕೊಂಡು ಸಿಂಹ ಮಾಡಿಕೊಟ್ಟ. ಕಾಳುವಿನ ಒಂದು ಕಿವಿ ಜೋತುಬಿದ್ದಿತ್ತು. ಮಾವನ ಸಿಂಹಗಳದ್ದೂ ಜೋತುಬಿತ್ತು. ನವಿಲುಗಳಿಗೆಲ್ಲ ನಮ್ಮ ಹುಂಜದ ಮೋರೆ.

ಒಮ್ಮೆ ಕುಂದಾಪುರದ ಸಾಹುಕಾರರೊಬ್ಬರು ದಾರಿಹೋಕರಿಗೆಂದು ನೀರಿನ ಟ್ಯಾಂಕ್ ಕಟ್ಟಿಸಿ, ಅದರ ಮೇಲೆ ಕೊಡಪಾನ ಹಿಡಿದ ಹೆಂಗಸೊಬ್ಬಳು ಬೇಕೆಂದರು. ಮಾವ ಅಬ್ಬಿಯ ಸೊಂಟಕ್ಕೆ ಕೊಡಪಾನ ಕೊಟ್ಟು ಅಂಗಳದಲ್ಲಿ ನಿಲ್ಲಿಸಿದ. ನಾನೂ ನನ್ನ ಬೆಂಚಿನ ಗೆಳತಿ ಗುಲಾಬಿಯೂ ಜಗಲಿಯಲ್ಲಿ ಕೂತು ನೋಡುತ್ತಿದ್ದೆವು. ಅಬ್ಬಿಗೆ ನಿಂತಲ್ಲಿ ನಿಲ್ಲುವ ಜಾಯಮಾನವೇ? "ಅಣ್ಣಯ್ಯ, ಗಂಜಿ ಒಲೆ ಮೇಲ್ ಇತ್ತ್! ಉಕ್ಕಿ ಹೋತ್ತ್! ನಾನ್ ಒಳ್ಗ್ ಹೋಯ್ಕ್, ಬ್ಯಾಗ ಮುಗ್ಸ್!" ಎಂದು ಕೂಗುತ್ತಲೇ ಇದ್ದಳು. ಮಾವ ನಗುತ್ತಾ ಆ ಕೂಗನ್ನೇ ಮಾಡಿಬಿಟ್ಟ. ಬಾಯಿ ತೆರೆದೇ ಉಳಿಯಿತು. ಒಳಗೆ ಹಲ್ಲಿಗೆಂದು ಕೋಡಿಯ ಕಡಲ ದಂಡೆಯಿಂದ ತಂದ ಬಿಳಿ ಚಿಪ್ಪಿನ ಚೂರು. ಮೈಯನ್ನು ಟ್ಯಾಂಕಿನ ಮೇಲೆಯೇ ಕಟ್ಟುವುದೆಂದು, ತಲೆಯನ್ನು ಮಾತ್ರ ಬೈಹುಲ್ಲಿನಲ್ಲಿ ಸುತ್ತಿ ಸೈಕಲ್ಲಿನಲ್ಲಿ ಒಯ್ದ; ಮುಂದೆ ನಾನು, ಹಿಂದೆ ಅಬ್ಬಿಯ ತಲೆ. ಸಾಹುಕಾರರು ಕಂಡು, "ಎಂತ ಚಂದು, ಹೆಂಗ್ಸ್ ಬಾಯ್ ಬಿಟ್ಕಂಡಿತ್ತಲೆ?" ಎಂದರು. ಮಾವ ಕೈ ಒರೆಸಿಕೊಂಡು, "ಬಾಯ್ ಮುಚ್ಚ್ರೆ ಅದ್ ನನ್ ತಂಗಿ ಆತಿಲ್ಲೆ, ಸಾವ್ಕಾರ್ರೆ," ಎಂದ. ಅವರೂ ನಕ್ಕು ಒಪ್ಪಿಕೊಂಡರು.

ಮರುವರ್ಷದ ಮಳೆಗಾಲದಲ್ಲಿ ಅಬ್ಬಿ ಜ್ವರ ಬಂದು ಹೋದಳು. ಇದ್ದೊಂದು ಫೋಟೋವನ್ನು ಬೂಷ್ಟು ತಿಂದಿತು. ಸೀರೆಯ ಅಂಚು ಉಳಿಯಿತು, ಮುಖ ಉಳಿಯಲಿಲ್ಲ. ಮಾವನೂ ಹೋದ. ಹೆದ್ದಾರಿ ಅಗಲವಾದಾಗ ಜಗಲಿ, ಅಂಗಳ, ಅಡುಗೆಮನೆ ಎಲ್ಲವೂ ರಸ್ತೆಯ ಅಡಿಗೆ ಸೇರಿದವು. ಕಣ್ಣು ಮುಚ್ಚಿದರೆ ಅಬ್ಬಿಯ ದನಿ ಬರುತ್ತದೆ, ಮುಖ ಬರುವುದಿಲ್ಲ. ನಿಮಗೂ ಹೀಗೆ ಮುಖ ತಪ್ಪಿಸಿಕೊಂಡ ಒಬ್ಬರು ಇರಬಹುದು.

ಮೊನ್ನೆ ಹಾಲಾಡಿಯ ನನ್ನ ಮನೆಗೆ ಗುಲಾಬಿಯ ಫೋನು. ಅವಳೀಗ ಕೋಡಿಯ ಮೀನುಗಾರರ ಮನೆಯ ಸೊಸೆ, ಅಲ್ಲಲ್ಲ, ಅತ್ತೆ. "ಹ್ವಾಯ್, ಪ್ಯಾಟಿ ಗೋಡಿಗೆಲ್ಲ ಚಿತ್ರ ಬರೀತ್ರ್. ಹಳೀದಕ್ಕೆಲ್ಲ ಬಣ್ಣ ಬಳ್ದ್ ಹೊಸ್ತ್ ಮಾಡ್ತ್ರ್ ಅಂಬ್ರ್. ನಿಂಗೆ ನಿನ್ ಅಬ್ಬಿ ಬೇಕಾರೆ ನಾಳೆಯೇ ಬಾ."

ಮರುದಿನ ಮೊದಲ ಬಸ್ಸಿಗೇ ಕುಂದಾಪುರಕ್ಕೆ ಹೋದೆ. ಟ್ಯಾಂಕ್ ಎಲ್ಲಿತ್ತೆಂಬುದು ನನಗೆ ಮಸುಕು. ಸೈಕಲ್ ನಿಂತಾಗ ಹೊಳೆಯ ಕಡೆಯಿಂದ ಗಾಳಿ ಬಂದದ್ದೊಂದೇ ನೆನಪು. ಮನೆಮನೆಗೆ ನಲ್ಲಿ ಬಂದ ಮೇಲೆ ಅಂಥ ಟ್ಯಾಂಕುಗಳನ್ನು ಯಾರು ಕೇಳುತ್ತಾರೆ? ಸಿಗುವ ತನಕ ನಡೆಯುವುದೆಂದು ಹಟ ಹಿಡಿದು ಹೊರಟೆವು. ಗೋಡೆಯೊಂದರ ಮೇಲೆ ದೋಣಿಗಿಂತ ದೊಡ್ಡ ಮೀನು ಬರೆದಿದ್ದರು. ಗುಲಾಬಿ ಸೊಂಟಕ್ಕೆ ಕೈಯಿಟ್ಟು ನೋಡಿ, "ಮೈ ಬಂಗಡೆದ್, ಬಾಲ ಅಂಜಲ್ದ್. ಇದನ್ ಯಾವ್ ರೇಟಿಗ್ ಮಾರೂದ್ ಮರಾಯ್ತಿ?" ಎಂದಳು. ಹಳೆಯ ಗೇಟೊಂದರ ಮೇಲೆ ಕಾಳು ಸಿಕ್ಕಿದ, ಅದೇ ಜೋತ ಕಿವಿ. ಮುಚ್ಚಿದ ಸೋಡಾ ಅಂಗಡಿಯ ನೆತ್ತಿಯಲ್ಲಿ ನಮ್ಮ ಹುಂಜ, ಬೆನ್ನಿಗೆ ನವಿಲಿನ ಗರಿ ಕಟ್ಟಿಕೊಂಡು. ಊರಿನ ಕಣ್ಣಿಗೆ ಅವು ಸಿಂಹ, ನವಿಲು. ನನಗೆ ಮನೆಯವರು ಒಬ್ಬೊಬ್ಬರಾಗಿ ಎದುರು ಬಂದ ಹಾಗೆ. ಬಿಸಿಲೇರಿತು, ಕಾಲು ಬಾತುಕೊಂಡಿತು. "ಇನ್ ನಾಳೆ ಕಾಂಬನಾ?" ಎಂದಳು ಗುಲಾಬಿ. "ಇಲ್ಲೆ. ಇವತ್ತೇ," ಎಂದೆ.

ಕೋಡಿ ರಸ್ತೆಯಲ್ಲಿ ಹೊಳೆಯ ಗಾಳಿ ಮುಖಕ್ಕೆ ಬಡಿಯಿತು. ದೊಡ್ಡ ಫ್ಲೆಕ್ಸೊಂದನ್ನು ಬಿಚ್ಚಿ ನೆಲಕ್ಕೆ ಹಾಸಿದ್ದರು. ಅದರ ಹಿಂದಿನಿಂದ ಟ್ಯಾಂಕ್ ಹೊರಬಿದ್ದಿತ್ತು. "ಅಯ್ಯಬ್ಬ! ದಿನಾ ಇದ್ರ್ ಮುಂದೆಯೇ ಹೋಪವ್ಳ್ ನಾನ್," ಎಂದು ಗುಲಾಬಿ ಹಣೆ ಚಚ್ಚಿಕೊಂಡಳು. ಮೇಲೆ ಕೊಡಪಾನದ ಹೆಂಗಸು. ಓಡಿ ಹತ್ತಿರ ಹೋದೆ. ಅಬ್ಬಿ ಅಲ್ಲ. ತುಟಿ ಮುಚ್ಚಿಕೊಂಡು ತೆಪ್ಪಗೆ ನಿಂತ ಯಾರೋ. ಅಷ್ಟು ನಡೆದ ದಣಿವೆಲ್ಲ ಒಮ್ಮೆಗೇ ಬಂದು ಅಲ್ಲೇ ಕುಸಿದು ಕೂತೆ; ಪಕ್ಕದಲ್ಲಿ ಗುಲಾಬಿಯೂ ಕೂತಳು.

ಏಣಿಯ ಹತ್ತಿರ ನಿಂತಿದ್ದ ಪೇಂಟರು ಗಾಬರಿಯಾಗಿ ನೀರು ತಂದುಕೊಟ್ಟರು. "ಹಳೇ ಗೊಂಬೆ, ಅಮ್ಮ. ಬಾಯ್ ಒಡ್ದ್ ತೂತಾಯಿತ್ತ್. ಈಗಷ್ಟೇ ಪುಟ್ಟಿ ತುಂಬಿ ಸರಿ ಮಾಡ್ದೆ."

ಗುಲಾಬಿ ನನಗಿಂತ ಮೊದಲು ಎದ್ದಳು. "ಸರಿ ಮಾಡ್ದ್ರಿಯಾ? ಹ್ವಾಯ್, ಅವ್ರ್ ಬಾಯ್ ಮುಚ್ಸುಕೆ ಊರಗ್ ಯಾರಿಗೂ ಆಯ್ಲಿಲ್ಲೆ, ನೀವ್ ಒಂದ್ ಹಿಡಿ ಪುಟ್ಟಿ ಹಾಕಿ ಮುಚ್ಚಿದ್ರಲೆ!"

ಅವರಿಗೆ ಎಲ್ಲವನ್ನೂ ಹೇಳಿದೆ. "ಮಾಡ್ಸ್ದವ್ರ್ ಕೇಂಡ್ರೆ ಎಂತ ಹೇಳೂದ್?" ಎಂದರು. "ಅವ್ಳ್ ಮಗ್ಳ್ ಬಾಯ್ ಬಿಡ್ಸಿದ್ಳ್ ಅಂದ್ ಹೇಳಿ," ಎಂದು ಏಣಿ ಹತ್ತಿದೆ. ಪೇಂಟರು ಏಣಿ ಹಿಡಿದು ಕೆರೆಯುವ ಬ್ಲೇಡು ಕೊಟ್ಟರು. ಪುಟ್ಟಿ ಇನ್ನೂ ಹಸಿಯಿತ್ತು. ಬ್ಲೇಡು ಎಲ್ಲಿ ತಾಗೀತೋ ಎಂದು ಕೊನೆಗೆ ಬೆರಳಿನಿಂದಲೇ ತೆಗೆದೆ. ಮೊದಲು ತುಟಿಯ ಅಂಚು ಬಂತು, ಆಮೇಲೆ ಒಳಗಿನ ಕತ್ತಲೆ, ಆಮೇಲೆ ಚಿಪ್ಪಿನ ಬಿಳಿ. ಕೆನ್ನೆ ಮೇಲೆದ್ದಿತು, ಹುಬ್ಬು ಗಂಟಾಯಿತು. ಬಾಯಿ ತೆರೆದದ್ದೇ ಮುಖವೆಲ್ಲ ಅದರ ಹಿಂದೆ ಬಂತು.

"ನಿನ್ ಅಬ್ಬಿ ಬಂದ್ರಲೆ," ಎಂದು ಕೆಳಗಿನಿಂದ ಗುಲಾಬಿ ಮೆಲ್ಲಗೆ ಹೇಳಿದಳು.

ನಾನು ಇಳಿಯಲಿಲ್ಲ. ಹೊಳೆಯ ಗಾಳಿಗೆ ಹಸಿ ಪುಟ್ಟಿಯ ವಾಸನೆ, ಕೈಯೆಲ್ಲ ಬಿಳಿ. ಗಂಜಿ ಉಕ್ಕುತ್ತಿದ್ದ ಆ ಒಲೆ ಇದ್ದಲ್ಲಿ ಈಗ ಬಸ್ಸುಗಳು ಓಡುತ್ತವೆ. ಅಬ್ಬಿಗೆ ಮಾತ್ರ ಇನ್ನೂ ಒಳಗೆ ಹೋಗುವ ಗಡಿಬಿಡಿ.