ಕೌದಿಯ ಹೊಟ್ಟೆ

ಹಳೆಯ ಹತ್ತಿ ಸೀರೆಯನ್ನು ಒಗೆದು, ಬಿಸಿಲಿಗೆ ಹಾಕಿ, ಮಡಚಿ ತೊಡೆಯ ಮೇಲಿಟ್ಟುಕೊಂಡರೆ ಒಂದು ವಾಸನೆ ಬರುತ್ತದೆ. ಅದು ಸಾಬೂನಿನದಲ್ಲ, ಬಿಸಿಲಿನದೂ ಅಲ್ಲ, ಉಟ್ಟವರ ಮೈಯದು ಎಂದು ಅವ್ವ ಹೇಳುತ್ತಿದ್ದಳು. ಹೋದ ತಿಂಗಳು ಚೆನ್ನೈಯ ವೇಳಚೇರಿಯಲ್ಲಿ ಮಗಳ ಮನೆಯ ಬಾಲ್ಕನಿಯಲ್ಲಿ, ತೀರಿಹೋದ ಅವ್ವನ ಸೀರೆಗಳನ್ನು ಹರಡಿಕೊಂಡು ಕೂತಾಗ ಆ ವಾಸನೆ ಎದ್ದಿತು. ಮಗಳು ಹೊಸದಾಗಿ ಬಾಡಿಗೆ ಮನೆ ಮಾಡಿದ್ದಾಳೆ, ಬಸುರಿ ಬೇರೆ. ಮನೆಗೆ ಹೊಸ ಸಾಮಾನು ಕೊಳ್ಳುವುದಿಲ್ಲ ಎಂದು ಗಂಡ ಹೆಂಡತಿ ಇಬ್ಬರೂ ಹಟ ಹಿಡಿದಿದ್ದಾರೆ. ಜಾಮ್ ಬಾಟಲಿಯಲ್ಲಿ ಬಳ್ಳಿ, ಹಣ್ಣಿನ ಪೆಟ್ಟಿಗೆಯಲ್ಲಿ ಪುಸ್ತಕ, ಸೆಣಬಿನ ಚೀಲಕ್ಕೆ ಜೇಬು ಹೊಲಿದು ಗೋಡೆಗೆ ತೂಗುಹಾಕಿ ಅದರಲ್ಲಿ ಬೀಗದ ಕೈ, ಬಾಚಣಿಗೆ, ಔಷಧಿ. ಬಂದವರಿಗೆಲ್ಲ ಅದನ್ನು ಹೆಮ್ಮೆಯಿಂದ ತೋರಿಸುತ್ತಾಳೆ. ಅಜ್ಜಿಯ ಸೀರೆಗಳಲ್ಲಿ ಮಗುವಿಗೊಂದು ಕೌದಿ ಹೊಲಿದುಕೊಡು ಎಂದು ತಮಿಳಿನಲ್ಲಿ ಕೇಳಿದಳು. ನಾನು ಕನ್ನಡದಲ್ಲಿ ಹೂಂ ಎಂದೆ. ಹುಟ್ಟಿದಾಗಿನಿಂದ ನಮ್ಮಿಬ್ಬರ ಮಾತುಕತೆ ಹೀಗೆಯೇ ನಡೆದಿದೆ. ಆದರೆ ಹೂಂ ಎನ್ನುವಾಗ ಕಿವಿ ಬಿಸಿಯಾಯಿತು. ಕೌದಿ ಎಂಬ ಮಾತು ಕೇಳಿದರೆ ಇಷ್ಟು ವರ್ಷಗಳ ಮೇಲೂ ನನಗೆ ಮೊದಲು ಆಗುವುದು ನಾಚಿಕೆ.

ಮಗಳ ಮನೆಯಂಥದೇ ಮನೆಯನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ, ಕೋಡಂಬಾಕ್ಕಂನಲ್ಲಿ. ಒಂದೇ ಅಂಗಳದ ಸುತ್ತ ಸಾಲಾಗಿ ಮನೆಗಳಿದ್ದ ಒಂದು ವಠಾರ. ನಡುವೆ ಕೈಪಂಪು, ಒಂದು ನುಗ್ಗೆ ಮರ. ಅದರ ಕೊನೆಯ ಮನೆ ನಮ್ಮದು, ಒಂದು ಕೋಣೆ ಮತ್ತು ಒಂದು ಅಡುಗೆಮನೆ. ಗದಗಿನ ಕಡೆಯ ಹಳ್ಳಿಯಿಂದ ಅಪ್ಪ ಇಲ್ಲಿನ ಬಟ್ಟೆ ಸಗಟು ಅಂಗಡಿಯೊಂದಕ್ಕೆ ಕೆಲಸಕ್ಕೆ ಬಂದಿದ್ದ. ಹಳೆಯದಾದ ಮಾದರಿ ತುಂಡುಗಳನ್ನು ಅಂಗಡಿಯವರು ಎಸೆಯುತ್ತಿದ್ದರು, ಅಪ್ಪ ಚೀಲದಲ್ಲಿ ತುಂಬಿಕೊಂಡು ತರುತ್ತಿದ್ದ. ಅಂಗೈಯಗಲದ ಆ ತುಂಡುಗಳಿಂದ ಅವ್ವ ಮನೆ ಕಟ್ಟಿದಳು ಎಂದರೆ ಹೆಚ್ಚಿನ ಮಾತಲ್ಲ. ಬಾಗಿಲಿಗೆ ತೋರಣ, ಕಿಟಕಿಗೆ ಪರದೆ, ಎಣ್ಣೆ ಡಬ್ಬಿಗಳಿಗೆ ಅಂಗಿ. ರಾತ್ರಿ ಹಾಸುವ ಕೌದಿಗಳನ್ನು ಬೆಳಿಗ್ಗೆ ಮಡಚಿ ಗೋಡೆಗೆ ಒಟ್ಟಿದರೆ ಬಂದವರಿಗೆ ಅದೇ ಕೂರುವ ಜಾಗ. ಗೋಣಿತಟ್ಟಿಗೆ ಜೇಬು ಹೊಲಿದು ಬಾಗಿಲ ಹಿಂದೆ ತೂಗುಹಾಕಿದ್ದಳು; ಕತ್ತಲಲ್ಲೂ ಕೈ ಹಾಕಿದರೆ ಸೂಜಿ ಸೂಜಿಯ ಜೇಬಿನಲ್ಲೇ ಸಿಗುತ್ತಿತ್ತು. ಹರಿದ ಬಟ್ಟೆ ಕೊಡದ ಕೆಳಗಿನ ಸಿಂಬಿಯಾಗುತ್ತಿತ್ತು, ಸಿಂಬಿ ಸವೆದರೆ ಒಲೆ ಒರೆಸುವ ಅರಿವೆಯಾಗುತ್ತಿತ್ತು. ಶಾಲೆಯಿಂದ ಬಂದು ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು, ಅರ್ಥವಾಗದ ಪಾಠ, ಎಲ್ಲ ಹೊಸ್ತಿಲಾಚೆ ನಿಂತುಬಿಡುತ್ತಿತ್ತು. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ಇದ್ದರೆ ಹೆಚ್ಚು ಹೇಳಬೇಕಾಗಿಲ್ಲ.

ಚೆನ್ನೈಯ ಸೆಕೆಯಲ್ಲಿ ಕೌದಿ ಯಾಕೆ ಎಂದು ವಠಾರದವರು ನಗುತ್ತಿದ್ದರು. ಅವ್ವನಿಗೆ ತಮಿಳು ಬರುತ್ತಿರಲಿಲ್ಲ, ಅವಳೂ ನಗುತ್ತಿದ್ದಳು. ಹೊಲಿಯುವುದು ನಿಲ್ಲಿಸಲಿಲ್ಲ. ನಾಲ್ಕೂ ಅಂಚು ಹೊಲಿದು ಬಂದ ಮೇಲೆ ಒಂದು ಮೂಲೆಯಲ್ಲಿ ಎರಡು ಬೆರಳು ಹಿಡಿಯುವಷ್ಟು ಜಾಗ ಬಿಡುತ್ತಿದ್ದಳು. ಅದು ಕೌದಿಯ ಬಾಯಿ. ಅದರೊಳಗೆ ಒಣಗಿದ ಜೋಳದ ರೊಟ್ಟಿಯ ಚೂರನ್ನು ಅರಿಸಿನ ಸವರಿ ಇಟ್ಟು, ಆಮೇಲೆ ಬಾಯಿ ಹೊಲಿಯುತ್ತಿದ್ದಳು. ಅವಳ ಅವ್ವ ಹಾಗೆ ಮಾಡುತ್ತಿದ್ದಳಂತೆ, ಅವಳ ಅವ್ವನೂ. ಆ ಚೂರನ್ನು ಒಳಗೆ ತೂರಿಸುವ ಕೆಲಸ ನನ್ನದು, ನನ್ನ ಬೆರಳು ಸಣ್ಣವು ಎಂದು. ಯಾಕವ್ವ ಎಂದು ಕೇಳಿದರೆ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದಳು: “ಹಸದ ಕೌದಿ ಬೆಚ್ಚಗ ಇಡೂದಿಲ್ಲವಾ. ಅದರ ಹೊಟ್ಟಿ ತುಂಬಿದ್ರ ಅದು ನಮ್ಮನ್ನ ನೋಡ್ಕೋತೈತಿ.”

ಪಕ್ಕದ ಮನೆಯ ಸೆಲ್ವಿ ಅಕ್ಕನ ಗಂಡ ಸಿನಿಮಾ ಸ್ಟುಡಿಯೋದಲ್ಲಿ ಲೈಟು ಹಿಡಿಯುವ ಕೆಲಸದವನು. ಅವ್ವನ ಜೊತೆ ಒಂದು ಮಾತೂ ಆಡಲಾಗದಿದ್ದರೂ ದಿನಾ ಮಧ್ಯಾಹ್ನ ಬಂದು ಕೂರುತ್ತಿದ್ದವಳು ಅವಳೊಬ್ಬಳೇ. ಇವಳು ಹೊಲಿಯುತ್ತಿದ್ದಳು, ಅವಳು ಹೂ ಕಟ್ಟುತ್ತಿದ್ದಳು. ಎದ್ದು ಹೋಗುವಾಗ ಒಂದು ಮೊಳ ಹೂವನ್ನು ಅವ್ವನ ಮುಡಿಗೆ ತಾನೇ ಮುಡಿಸಿ ಹೋಗುತ್ತಿದ್ದಳು. ಆ ಊರಿನಲ್ಲಿ ಅವ್ವನಿಗೆ ಸ್ವಂತದ್ದು ಎಂದು ಇದ್ದ ಸ್ನೇಹ ಅದೊಂದೇ. ಮದುವೆಯಾಗಿ ಬಹಳ ಕಾಲದ ಮೇಲೆ ಸೆಲ್ವಿ ಅಕ್ಕನಿಗೆ ಗಂಡುಮಗು ಹುಟ್ಟಿದಾಗ ಅವ್ವ ತನ್ನ ಮದುವೆಯ ಇಳಕಲ್ ಸೀರೆಯ ಸೆರಗನ್ನೇ ಕತ್ತರಿಸಿ ಮೊಳದುದ್ದದ ಕೌದಿ ಹೊಲಿದಳು. ಹೊಟ್ಟೆ ತುಂಬಿಸುವಾಗ ಅವ್ವನಿಗೆ ಏನನ್ನಿಸಿತೋ, ಕೂಸಿಗೆ ಬರೀ ಒಣರೊಟ್ಟಿ ಬೇಡ ಎಂದು ಒಂದು ಚೂರು ಬೆಲ್ಲವನ್ನೂ ಜೊತೆಗೆ ಇಟ್ಟಳು. ನಮ್ಮೂರಿನ ಒಣ ಹವೆಯಲ್ಲಿ ಅದರಿಂದ ಏನೂ ಆಗುತ್ತಿರಲಿಲ್ಲವೇನೋ. ಇದು ಚೆನ್ನೈ, ಬೆಲ್ಲವನ್ನು ನೀರಿನ ತಟ್ಟೆಯ ನಡುವೆ ಇಟ್ಟರೂ ಇರುವೆ ಬಿಡದ ಊರು.

ಕೆಲವು ದಿನ ಮಗು ಆ ಕೌದಿಯ ಮೇಲೆ ಹಾಯಾಗಿ ಮಲಗಿತು. ಆಮೇಲೊಮ್ಮೆ ಇಡೀ ದಿನ ಅತ್ತಿತು, ಮೈಮೇಲೆ ಕೆಂಪು ಗಂಧೆ ಎದ್ದವು, ಜ್ವರ ಬಂತು. ಊರಿನಿಂದ ಬಾಣಂತನಕ್ಕೆ ಬಂದಿದ್ದ ಸೆಲ್ವಿ ಅಕ್ಕನ ಅತ್ತೆ ಇರುವೆ ಸಾಲನ್ನು ಹಿಡಿದು ಹೋಗಿ ಕೌದಿಯ ಮೂಲೆ ಹರಿದಳು. ಅರಿಸಿನ ಮೆತ್ತಿದ ರೊಟ್ಟಿಯ ಚೂರು ಅವಳ ಕೈಗೆ ಬಿತ್ತು. ನೋಡಿದವರು ಏನೆಂದುಕೊಂಡರು ಎಂದು ನಾನು ಹೇಳಬೇಕೆ? ಸೂನಿಯಂ, ಎಂದು ಆಕೆ ಅಂಗಳದ ನಡುವೆ ನಿಂತು ಕೂಗಿದಳು. ಮಾಟ ಮಾಡಿಸಿದ್ದಾಳೆ ಎಂದು. ಸಾಲಿನ ಎಲ್ಲ ಬಾಗಿಲುಗಳೂ ತೆರೆದುಕೊಂಡವು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಜನರ ಮುಖ ನೋಡಿದಳೇ ಹೊರತು ಅವರಾಡುತ್ತಿದ್ದುದು ಒಂದೂ ತಿಳಿಯಲಿಲ್ಲ. ನಾನೇ ತಿಳಿಸಿದೆ. ಅವ್ವ ನನ್ನ ಹೆಗಲ ಮೇಲೆ ಕೈಯಿಟ್ಟು, “ಹೇಳವಾ, ಅವ್ರಿಗೆ ತಿಳಿಯೂ ಹಂಗ ಹೇಳು,” ಎಂದಳು.

ನಾನು ಹೇಳಿದೆ. ಒಂದು ಮಾತನ್ನೂ ಬಿಡಲಿಲ್ಲ. ಕೌದಿಗೆ ಹೊಟ್ಟೆಯಿದೆ, ಅದು ಹಸಿದಿರಬಾರದು, ಹಸಿದರೆ ಮಗುವನ್ನು ಬೆಚ್ಚಗಿಡುವುದಿಲ್ಲ ಎಂದು ಶಾಲೆಯಲ್ಲಿ ಕಲಿತ ಒಳ್ಳೆಯ ತಮಿಳಿನಲ್ಲಿ ಹೇಳಿದೆ. ಯಾರೋ ಫಕ್ಕನೆ ನಕ್ಕರು. ಬಟ್ಟೆಗೆ ಯಾರಾದರೂ ಊಟ ಹಾಕುತ್ತಾರೆಯೇ ಎಂದು ಇನ್ಯಾರೋ ಕೇಳಿದರು. ನಿಜ ಹೇಳುತ್ತೇನೆ, ಅವರು ನಕ್ಕಿದ್ದಕ್ಕಿಂತ ನನ್ನನ್ನು ಸುಟ್ಟಿದ್ದು ಬೇರೆ. ಮನೆಯೊಳಗೆ ಅಷ್ಟು ಚೆಂದವಿದ್ದ ಮಾತು ಆ ಅಂಗಳದಲ್ಲಿ, ಅಷ್ಟು ಜನರ ನಡುವೆ, ನನ್ನ ಕಿವಿಗೇ ಹುಚ್ಚು ಮಾತಾಗಿ ಕೇಳಿಸಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸೆಲ್ವಿ ಅಕ್ಕ ಮಗುವನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು, ತಲೆ ಎತ್ತಲಿಲ್ಲ. ಅತ್ತೆ ಕೌದಿಯನ್ನು ಪಂಪಿನ ಬಳಿಯ ಕೆಸರಿಗೆ ಎಸೆದಳು. ಅವ್ವ ಹೋಗಿ ಅದನ್ನು ಎತ್ತಿಕೊಂಡು, ಇರುವೆಗಳನ್ನು ಒಂದೊಂದಾಗಿ ಕೊಡವಿ, ಒಳಗೆ ಬಂದಳು.

ಮರುದಿನ ನಾನು ಶಾಲೆಯಿಂದ ಬಂದಾಗ ಮನೆಯ ಎಲ್ಲ ಕೌದಿಗಳ ಬಾಯಿಯನ್ನೂ ಅವಳು ಬಿಚ್ಚಿದ್ದಳು. ಒಳಗಿನ ರೊಟ್ಟಿ ಎಷ್ಟೋ ಕಡೆ ಪುಡಿಯಾಗಿತ್ತು. ಅದನ್ನೆಲ್ಲ ಕೊಡವಿ ಮೊರದಲ್ಲಿ ಕೂಡಿಸಿ ಹಿತ್ತಲ ಗೋಡೆಯ ಮೇಲೆ ಸುರಿದಳು. ಕಾಗೆಗಳು ಬಂದವು. ಆಮೇಲೆ ಪರದೆ ಹೋಯಿತು, ತೋರಣ ಹೋಯಿತು, ಡಬ್ಬಿಗಳ ಅಂಗಿ ಹೋದವು. ಅಪ್ಪ ಪ್ಲಾಸ್ಟಿಕ್ ಚಾಪೆ, ಎರಡು ಕುರ್ಚಿ ತಂದ. ಚೀಲ ತುಂಬಿ ತುಂಡುಗಳನ್ನು ತರುವುದನ್ನು ಯಾರೂ ಹೇಳದೆ ನಿಲ್ಲಿಸಿದ. ನಮ್ಮ ಮನೆ ವಠಾರದ ಉಳಿದ ಮನೆಗಳ ಹಾಗಾಯಿತು. ಬೇಸಿಗೆಯಲ್ಲಿ ಕುರ್ಚಿ ತೊಡೆಗೆ ಅಂಟಿಕೊಳ್ಳುತ್ತಿತ್ತು.

ಅತ್ತೆ ಊರಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಸೆಲ್ವಿ ಅಕ್ಕ ಬಂದಳು. ಬಾಗಿಲಲ್ಲೇ ನಿಂತು ನನ್ನನ್ನು ಕರೆದು, ಆ ಕೌದಿ ಇದ್ದರೆ ಕೊಡಲು ಹೇಳು ಎಂದಳು. ಮಗು ಬೇರೆ ಯಾವುದರ ಮೇಲೂ ಅಷ್ಟು ಹಾಯಾಗಿ ಮಲಗುವುದಿಲ್ಲವಂತೆ. ಅವ್ವ ಅದನ್ನು ಒಗೆದು, ಬಾಯಿ ಹೊಲಿದು, ಟ್ರಂಕಿನ ತಳದಲ್ಲಿಟ್ಟಿದ್ದಳು. ತಂದು ಕೊಟ್ಟಳು. ಸೆಲ್ವಿ ಅಕ್ಕ ಆ ಮೂಲೆಯನ್ನು ಹುಡುಕಿ ಒತ್ತಿ ನೋಡಿದಳು. ಆಮೇಲೆ ಸೆರಗಿನ ಗಂಟಿನಿಂದ ಒಂದು ತುಂಡು ಮುರುಕ್ಕು ತೆಗೆದು ಅಂಗೈಯಲ್ಲಿ ಹಿಡಿದಳು. ಇದನ್ನು ಇಡಬಹುದಾ, ನಿಮ್ಮಮ್ಮನನ್ನು ಕೇಳು, ಎಂದಳು. ನಾನು ಕುಣಿಯುವಷ್ಟು ಖುಷಿಯಿಂದ ಕೇಳಿದೆ. ಅವ್ವನ ಮುಖ ಕೆಂಪಾಯಿತು. ನೆಲ ನೋಡುತ್ತಾ, “ಬ್ಯಾಡಂತ ಹೇಳು. ಖಾಲಿನ ಇರ್ಲಿ,” ಎಂದಳು. ಸೆಲ್ವಿ ಅಕ್ಕ ಮುರುಕ್ಕನ್ನು ನನ್ನ ಕೈಗಿಟ್ಟು ಹೋದಳು. ಮುಂದೆ ಅವರು ತಾಂಬರಂ ಕಡೆ ಮನೆ ಬದಲಾಯಿಸಿದರು. ಹೋಗುವ ದಿನ ಅವ್ವನಿಗೆ ಹೂ ಮುಡಿಸಿದಳು, ಅವ್ವ ತಲೆ ಬಾಗಿಸಿ ಮುಡಿಸಿಕೊಂಡಳು. ಅಷ್ಟೇ.

ಅವ್ವ ಆಮೇಲೂ ಆಗಾಗ ಕೌದಿ ಹೊಲಿದಳು, ಆದರೆ ಯಾವುದಕ್ಕೂ ಬಾಯಿ ಬಿಡಲಿಲ್ಲ. ಕೊನೆಗಾಲದಲ್ಲಿ ನನ್ನ ಮನೆಯಲ್ಲೇ ಮಲಗಿದ್ದಾಗ, ಮೇ ತಿಂಗಳ ಧಗೆಯಲ್ಲಿ, ಚಳಿ ಎನ್ನುತ್ತಿದ್ದಳು. ಫ್ಯಾನು ಆರಿಸಿ ಒಂದರ ಮೇಲೊಂದು ಕೌದಿ ಹೊದಿಸಿದರೂ “ಬೆಚ್ಚಗ ಆಗವಲ್ದವಾ” ಎನ್ನುತ್ತಿದ್ದಳು. ಕಾಯಿಲೆಯಿಂದ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದರು, ಇರಬಹುದು. ನನ್ನ ಮನಸ್ಸಿಗೆ ಬಂದದ್ದು ಬೇರೆ. ಅವಳ ಮನಸ್ಸಿಗೂ ಬಂದಿತ್ತೇ ಎಂದು ಗೊತ್ತಿಲ್ಲ. ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಅವ್ವ ಮತ್ತು ಮಗಳು, ಕೋಣೆಯಲ್ಲಿ ಬೇರೆ ಯಾರೂ ಇಲ್ಲ, ಆದರೂ ನಾಚಿಕೆ.

ಮಗಳ ಕೌದಿ ಮೊನ್ನೆ ಮುಗಿಯಿತು. ಅವ್ವನ ನೀಲಿ ಸೀರೆ ಮೇಲೆ, ಮಿಕ್ಕವು ಒಳಗೆ. ಕೊನೆಯ ಮೂಲೆಗೆ ಬಂದಾಗ ಕೈ ತಾನಾಗಿಯೇ ಎರಡು ಬೆರಳಿನ ಜಾಗ ಬಿಟ್ಟಿತು. ಮಧ್ಯಾಹ್ನದ ಊಟಕ್ಕೆ ಎಂದು ನೆಪ ಹೇಳಿ ಜೋಳದ ರೊಟ್ಟಿ ಬಡಿದೆ. ಒಂದನ್ನು ಬಿಸಿಲಿಗಿಟ್ಟು ಕಲ್ಲಿನ ಹಾಗೆ ಒಣಗಿಸಿದೆ. ಬೆಲ್ಲ ಇಡಲಿಲ್ಲ, ಅಷ್ಟು ಬುದ್ಧಿ ಬಂದಿದೆ. ಮಲಗುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು, ಕಳ್ಳಿಯ ಹಾಗೆ ಮಂಚದ ಮೂಲೆಯಲ್ಲಿ ಕೂತು, ಅರಿಸಿನ ಸವರಿದ ಚೂರನ್ನು ಒಳಗೆ ತೂರಿಸಿದೆ. ಬೆರಳು ಈಗ ದಪ್ಪ, ಗಂಟು ನೋವು ಬೇರೆ, ಸುಲಭವಾಗಿ ಹೋಗಲಿಲ್ಲ. ಬಾಯಿ ಹೊಲಿದು ಹಲ್ಲಿನಿಂದ ದಾರ ಕಡಿದಾಗ ಅಳು ಬಂತು. ಅವ್ವಾ, ಇದರ ಹೊಟ್ಟೆ ತುಂಬಿದೆ ನೋಡು ಎಂದುಕೊಂಡೆ.

ಸಂಜೆ ಮಗಳು ಕೌದಿಯನ್ನು ಸೋಫಾದ ಮೇಲೆ ಹರಡಿ ಗೆಳತಿಯರಿಗೆ ಕಳಿಸಲು ಫೋಟೋ ತೆಗೆದಳು. ಇದು ಪೂರಾ ಹಳೆಯ ಬಟ್ಟೆ, ಕೈಹೊಲಿಗೆ, ಅಜ್ಜಿಯ ಸೀರೆ ಎಂದೆಲ್ಲ ಫೋನಿನಲ್ಲಿ ಹೇಳುತ್ತಾ ಅಂಚಿನುದ್ದಕ್ಕೂ ಕೈಯಾಡಿಸುತ್ತಿದ್ದವಳು ಆ ಮೂಲೆಗೆ ಬಂದು ನಿಂತಳು. ಹೆಬ್ಬೆರಳಿನಿಂದ ಒತ್ತಿ ನೋಡಿ, “ಇದು ಎನ್ನಮ್ಮಾ?” ಎಂದು ಕೇಳಿದಳು. ಗೇಲಿಯಿರಲಿಲ್ಲ, ತಿಳಿದುಕೊಳ್ಳುವ ಆಸೆಯೇ ಇತ್ತು. ಹೇಳಿದ್ದರೆ ಅದನ್ನೂ ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಿದ್ದಳೇನೋ. ಮಾತು ನಾಲಿಗೆಯ ತುದಿಗೆ ಬಂತು. ಆ ಅಂಗಳ, ತೆರೆದ ಬಾಗಿಲುಗಳು, ನನ್ನ ಹೆಗಲ ಮೇಲೆ ಅವ್ವನ ಹಿಟ್ಟಿನ ಕೈ, ಎಲ್ಲ ಅದರ ಜೊತೆಗೇ ಬಂದವು.

ಏನಿಲ್ಲ, ದಾರದ ಗಂಟು, ಎಂದೆ. ಯಾವತ್ತೂ ಅವಳಿಗೆ ಕನ್ನಡದಲ್ಲೇ ಉತ್ತರ ಕೊಡುವ ನಾನು ಅದನ್ನು ತಮಿಳಿನಲ್ಲಿ ಹೇಳಿದೆ.