ಚಾತ್ತುವೇಟ್ಟ ಮಗಳಿಗೆ ಕಾಲೇಜು ಹುಡುಕಿದ್ದು

ಕಣ್ಣೂರಿನ ನಮ್ಮ ಬೀಡಿ ಶೆಡ್ಡಿನಲ್ಲಿ ಚಾತ್ತುಕುಟ್ಟಿ ಬೀಡಿ ಸುತ್ತಿದ್ದಕ್ಕಿಂತ ಪೇಪರ್ ಓದಿದ್ದೇ ಹೆಚ್ಚು. ನಲವತ್ತು ಜನ ತಲೆ ತಗ್ಗಿಸಿ ಎಲೆ ಸುತ್ತುವಾಗ ಒಬ್ಬ ಕೂತು ಗಟ್ಟಿಯಾಗಿ ಪೇಪರ್ ಓದಬೇಕು, ಅವನ ಪಾಲಿನ ಬೀಡಿ ಉಳಿದವರು ಸುತ್ತಬೇಕು. ಅದು ನಮ್ಮ ಪದ್ಧತಿ. ಚಾತ್ತುಕುಟ್ಟಿಯವರ ಗಂಟಲಿಗೆ ಪಕ್ಕದ ಓಣಿಯ ಆಡುಗಳೂ ಮೇಯುವುದು ನಿಲ್ಲಿಸುತ್ತಿದ್ದವು. ಊರಿಗೆಲ್ಲ ಅವರು ಚಾತ್ತುವೇಟ್ಟ, ಅಂದರೆ ಚಾತ್ತು ಅಣ್ಣ.

ದೇವರನ್ನು ನಂಬದ ಆ ಮನುಷ್ಯನಿಗೆ ಒಂದೇ ಒಂದು ವ್ರತವಿತ್ತು. ಮುಷ್ಕರ ನಡೆಯುತ್ತಿರುವ ಬಾಗಿಲನ್ನು ಅವರು ದಾಟುತ್ತಿರಲಿಲ್ಲ. ಒಮ್ಮೆ ಆಸ್ಪತ್ರೆಯವರು ಮುಷ್ಕರ ಹೂಡಿದಾಗ ಹಲ್ಲುನೋವು ಹೊತ್ತುಕೊಂಡು ಹನ್ನೊಂದು ದಿನ ಗೇಟಿನ ಹೊರಗೇ ಕೂತರು. ಹಲ್ಲೇ ಬೇಸತ್ತು ತಾನಾಗಿ ಉದುರಿತು. ಮುಷ್ಕರ ಮುರಿಯುವವನಿಗೆ ನಮ್ಮಲ್ಲಿ ಕರಿಂಕಾಲಿ ಅಂತಾರೆ. ಇದಕ್ಕಿಂತ ಕೆಟ್ಟ ಬೈಗುಳ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ.

ಅವರ ಒಬ್ಬಳೇ ಮಗಳು ಪ್ರೇಮಜ ಒಳ್ಳೆ ಅಂಕ ತೆಗೆದಳು. ಅವಳಿಗೆ ಕೆಮಿಸ್ಟ್ರಿ ಓದುವ ಆಸೆ. ಕಾಲೇಜು ಆರಿಸಲು ಹೊರಟ ಅಪ್ಪನಿಗೆ ಜೊತೆಯಾಗಿ ನಾನೂ ಹೋದೆ, ನನಗೆ ಬೇರೆ ಕೆಲಸವಿರಲಿಲ್ಲ ಅಂತಲ್ಲ, ಪೇಪರ್ ಓದುವವನೇ ಇಲ್ಲದ ಮೇಲೆ ಬೀಡಿ ಸುತ್ತಲು ಕೈ ಏಳುವುದಿಲ್ಲ.

ಮೊದಲನೇ ಕಾಲೇಜಿನ ಗೋಡೆ ಹಾಲಿನಷ್ಟು ಬೆಳ್ಳಗಿತ್ತು. ಚಾತ್ತುವೇಟ್ಟ ಮುಖ ಹುಳ್ಳಗೆ ಮಾಡಿಕೊಂಡು ಕಾವಲುಗಾರನನ್ನು ಕೇಳಿದರು. “ಕೊನೇ ಮುಷ್ಕರ ಯಾವಾಗ ಆಯ್ತಪ್ಪಾ?”

“ಛೇ ಛೇ, ಇಲ್ಲಿ ಅಂಥದ್ದೆಲ್ಲ ಇಲ್ಲ.”

“ಮತ್ತೆ ಮಕ್ಕಳು ಕಲಿಯೋದೇನು, ಮಣ್ಣಾ?”

“ಕೆಮಿಸ್ಟ್ರಿ ಲ್ಯಾಬು ಚೆನ್ನಾಗಿದೆಯಂತೆ ಅಪ್ಪಾ” ಅಂದಳು ಪ್ರೇಮಜ.

“ಸುಮ್ನಿರು. ಗೋಡೆ ಮಾತಾಡದ ಕಾಲೇಜಲ್ಲಿ ಮಕ್ಕಳು ಮಾತಾಡ್ತಾರಾ?”

ಎರಡನೇ ಕಾಲೇಜು ಕಂಡದ್ದೇ ಅವರ ಮುಖ ಅರಳಿತು. ಅಂಗೈ ಅಗಲದ ಜಾಗ ಬಿಡದೆ ಗೋಡೆ ತುಂಬ ಘೋಷಣೆ. ಖಾಲಿ ಇದ್ದ ಒಂದೇ ತುಣುಕಿನ ಮೇಲೂ ‘ಈ ಗೋಡೆ ನಮ್ಮದು, ೧೯೮೯ರ ತನಕ’ ಅಂತ ಯಾವುದೋ ಸಂಘದವರು ಕಾದಿರಿಸಿದ್ದರು. ಪ್ರಿನ್ಸಿಪಾಲರ ಕಾರು ನಿಲ್ಲಿಸುವ ಶೆಡ್ಡನ್ನೂ ಬಿಟ್ಟಿರಲಿಲ್ಲ. “ಇದು ವಿದ್ಯಾಲಯ!” ಎಂದು ಅರ್ಜಿ ಫಾರಂ ತಂದರು. ಬೇರೆಲ್ಲೂ ಫಾರಂ ತರಲಿಲ್ಲ.

ಅರ್ಜಿ ಕೊಡುವ ಕೊನೇ ದಿನ ಹೋದರೆ ಗೇಟಿನಲ್ಲಿ ಮುಷ್ಕರ. ಕ್ಯಾಂಟೀನಿನ ಮೀನು ಸಾರಿನಲ್ಲಿ ಮೀನಿಲ್ಲ ಅಂತ ಶುರುವಾದದ್ದಂತೆ. ಮುಷ್ಕರದಿಂದ ಯಾರಿಗೂ ಅರ್ಜಿ ಕೊಡಲಾಗಲಿಲ್ಲ, ಆದ್ದರಿಂದ ಕೊನೇ ದಿನ ಮುಂದೂಡಬೇಕು ಅಂತ ಈಗ ಎರಡನೇ ಮುಷ್ಕರ. ಪ್ರಿನ್ಸಿಪಾಲರು ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ನಾಲ್ಕು ಗಂಟೆಗೆ ಆಫೀಸು ಮುಚ್ಚುತ್ತದೆ. ಆಮೇಲೆ ಹುಡುಗಿ ಒಂದು ವರ್ಷ ಮನೆಯಲ್ಲಿ ಬೀಡಿ ಎಲೆ ಕತ್ತರಿಸಬೇಕು.

ಮುಷ್ಕರದ ಮುಂದಾಳು, ಗಂಟಲು ಒಡೆದ ಒಬ್ಬ ಸಣಕಲ, ಕೈಮುಗಿದು ಬಂದ. “ಚಾತ್ತುವೇಟ್ಟಾ, ನೀವೇ ಹೇಳಿ. ನಿಮ್ಮನ್ನ ಒಳಗೆ ಬಿಟ್ರೆ ಇದೂ ಒಂದು ಮುಷ್ಕರಾನಾ?”

“ಬಿಟ್ಟು ನೋಡು, ಕಾಲು ಮುರೀತೀನಿ!” ಅಂದುಬಿಟ್ಟರು ಚಾತ್ತುವೇಟ್ಟ. ಪ್ರೇಮಜ ಅಪ್ಪನನ್ನು ನೋಡಿದ ನೋಟಕ್ಕೆ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ.

ಮೂರೂವರೆ ಆಯಿತು. ಸಣಕಲನ ಕೂಗು ಕೇಳಿ ಚಾತ್ತುವೇಟ್ಟನಿಗೆ ತಡೆಯಲಾಗಲಿಲ್ಲ. “ಲೇ, ಇದು ಘೋಷಣೆನಾ, ಉಪ್ಪಿನಕಾಯಿ ಮಾರ್ತಿದ್ದೀಯಾ?” ಎಂದು ತಾವೇ ಮುಂದೆ ನಿಂತು ಶುರುಮಾಡಿದರು. ಹುಡುಗರಿಗೆ ಮೈಮೇಲೆ ಬಂದಹಾಗಾಯಿತು.

ಆಗ ನಾನು ಕಂಡೆ. ಪ್ರೇಮಜ ಪಕ್ಕದಲ್ಲಿಲ್ಲ. ದೂರದಲ್ಲಿ, ಕ್ಯಾಂಟೀನಿನ ಹಿಂಬಾಗಿಲ ಹತ್ತಿರ, ಫಾರಂ ಎದೆಗೆ ಒತ್ತಿಕೊಂಡು ನಿಂತಿದ್ದಾಳೆ. ಅಲ್ಲಿ ಇಬ್ಬರು ಹುಡುಗರ ಕಾವಲು. ಚಾತ್ತುವೇಟ್ಟನೂ ಅವಳನ್ನು ಕಂಡರು. ‘ಕರಿಂಕಾಲಿಗಳೇ’ ಎನ್ನುವುದು ಅರ್ಧ ಬಾಯಲ್ಲೇ ನಿಂತಿತು.

ಆಮೇಲೆ ಕೂಗಿದ್ದು ನೋಡಿ! ನಲವತ್ತು ವರ್ಷದಲ್ಲಿ ನಾನು ಅಂಥ ಘೋಷಣೆ ಕೇಳಿರಲಿಲ್ಲ. ಪ್ರಾಸದ ಮೇಲೆ ಪ್ರಾಸ, ನಡುವೆ ಕುಣಿತ, ಇಲ್ಲದ ಮೀನಿನ ಮೇಲೊಂದು ಶೋಕಗೀತೆ. ಹಿಂಬಾಗಿಲ ಕಾವಲಿನ ಹುಡುಗರಿಬ್ಬರೂ ನಗುತ್ತ, ದನಿಗೂಡಿಸುತ್ತ ಗೇಟಿಗೆ ಓಡಿಬಂದರು. ಹುಡುಗಿ ಒಳಗೆ ಜಾರಿದಳು.

ಬಸ್ಸಿನಲ್ಲಿ ಒಂದೇ ಮಾತು ಕೇಳಿದರು. “ಕೊಟ್ಯಾ?”

“ಕೊಟ್ಟೆ.”



ಮಾರನೇ ಬೆಳಿಗ್ಗೆ ಶೆಡ್ಡಿನಲ್ಲಿ ಎಂದಿನಂತೆ ಪೇಪರ್ ಬಿಚ್ಚಿ ಓದಿದರು. “ಕಾಲೇಜು ಮುಷ್ಕರಕ್ಕೆ ಜಯ. ಅರ್ಜಿಯ ಕೊನೇ ದಿನ ಹತ್ತು ದಿನ ಮುಂದಕ್ಕೆ…” ಅಲ್ಲಿಗೇ ಪೇಪರ್ ಮಡಿಸಿದರು. ನಲವತ್ತು ಜನ ಚಪ್ಪಾಳೆ ತಟ್ಟಿದರು. ಚಾತ್ತುವೇಟ್ಟ ಇಂಗು ತಿಂದ ಮಂಗನ ಹಾಗೆ ನನ್ನ ಮುಖ ನೋಡಿದರು. ನನಗೆ ನಗುವೂ ಬಂತು, ಪಾಪ ಅಂತಲೂ ಅನಿಸಿತು. ಯಾರಿಗೂ ಹೇಳಲಿಲ್ಲ ಬಿಡಿ.

ಮುಂದಿನ ವರ್ಷ ಪ್ರೇಮಜ ಒಂದು ದಿನ ಬುತ್ತಿ ಮರೆತು ಹೋದಳು. ಚಾತ್ತುವೇಟ್ಟನೂ ನಾನೂ ಅದನ್ನು ಒಯ್ದೆವು. ಗೇಟಿನಲ್ಲಿ ಮುಷ್ಕರ, ಎಲ್ಲರ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಇವಳೇ.

“ಒಳಗೆ ಯಾರನ್ನೂ ಬಿಡಲ್ಲ” ಅಂದಳು.

“ನಾನು ನಿನ್ನಪ್ಪ ಕಣೇ!”

“ಅದಕ್ಕೇ ಬಿಡಲ್ಲ.”

ಚಾತ್ತುವೇಟ್ಟನ ಎದೆ ಉಬ್ಬಿತು. ಆದರೂ ಅನುಭವಸ್ಥ ನೋಡಿ, ದನಿ ತಗ್ಗಿಸಿ ಕೇಳಿದರು. “ಹಿಂಬಾಗಿಲಿಗೆ ಯಾರನ್ನ ಹಾಕಿದೀಯ?”

“ನಾಲ್ಕು ಜನ” ಅಂದಳು ಪ್ರೇಮಜ. “ಎಷ್ಟೇ ಚೆನ್ನಾಗಿರೋ ಘೋಷಣೆ ಕೇಳಿಸಿದ್ರೂ ಅಲ್ಲಾಡಬಾರದು ಅಂತ ಹೇಳಿದೀನಿ, ಅಪ್ಪಾ.”