ವಕೀಲರ ಬೆನ್ನು, ನನ್ನ ಕೋಟು

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ, ಏಳನೇ ಕ್ಲಾಸಿನಲ್ಲಿ. ನಾನು ನಿಲ್ಲಿಸಿದೆ ಎನ್ನುವುದಕ್ಕಿಂತ ಲೆಕ್ಕದ ಮೇಷ್ಟ್ರು ನಿಲ್ಲಿಸಿದರು ಎಂದರೆ ಸರಿ. ಬೋರ್ಡಿನ ಮುಂದೆ ಭಿನ್ನರಾಶಿ ಬಿಡಿಸಲಾಗದೆ ಸುಣ್ಣದ ಕಡ್ಡಿ ಹಿಡಿದು ನಿಂತಿದ್ದಾಗ, "ಬಟ್ಟೆ ಹೊಲಿಯಾಕೆ ಹೋಗಲೇ, ಅದಕ್ಕೇ ಲಾಯಕ್ಕು ನೀನು" ಎಂದರು. ಅವರು ಬೈದದ್ದು, ನಾನು ಅದನ್ನು ಬುದ್ಧಿಮಾತು ಎಂದು ತೆಗೆದುಕೊಂಡೆ. ಮರುವಾರವೇ ತ್ಯಾವಣಿಗೆಯಲ್ಲಿ ಬಸ್ಸು ಹತ್ತಿ ಚನ್ನಗಿರಿಗೆ ಬಂದು, ಕೋರ್ಟಿನ ಎದುರಿನ ಟೈಲರ್ ಅಂಗಡಿಯಲ್ಲಿ ಗುಂಡಿ ಹಚ್ಚಲು ಕುಳಿತೆ. ಎಷ್ಟೋ ವರ್ಷದ ಮೇಲೆ ಅದೇ ಮೇಷ್ಟ್ರು ಮಗನ ಮದುವೆಗೆ ಸೂಟು ಹೊಲಿಸಲು ನನ್ನ ಬಳಿ ಬಂದರು. ನಾನು ಕಾಲು ಇಂಚು, ಮುಕ್ಕಾಲು ಇಂಚು ಎಂದು ಗುರುತು ಹಾಕಿಕೊಳ್ಳುವುದನ್ನು ನೋಡುತ್ತಾ ನಿಂತವರು, "ಕೊನೆಗೂ ಭಿನ್ನರಾಶಿ ಬಂತಲ್ಲಯ್ಯ" ಎಂದು ನಕ್ಕರು. ಆ ಸೂಟು ಇವತ್ತಿಗೂ ಅವರ ಮಗನಿಗೆ ಆಗುತ್ತದಂತೆ. ಅವನು ದಪ್ಪಗಾಗದೇ ಇದ್ದದ್ದಕ್ಕೆ ನಾನು ಜವಾಬ್ದಾರನಲ್ಲ, ಆದರೆ ಹೊಲಿಗೆ ಬಿಡದೇ ಇದ್ದದ್ದಕ್ಕೆ ಹೌದು.

ಕೋರ್ಟಿನ ಎದುರು ಅಂಗಡಿ ಇದ್ದವನಿಗೆ ಕರಿ ಕೋಟಿನ ಕೆಲಸ ತಪ್ಪುವುದಿಲ್ಲ. ಯಜಮಾನರಿಗೆ ವಯಸ್ಸಾಗಿ ಅಂಗಡಿ ನನ್ನ ಕೈಗೆ ಬಂದ ಹೊಸದರಲ್ಲಿ ಒಬ್ಬ ಎಳೆಯ ವಕೀಲರು ಬಂದರು. ಉದ್ದಕ್ಕೆ, ಸಣ್ಣಕ್ಕೆ, ಬಿದಿರಿನ ಗಳದ ಹಾಗೆ ಇದ್ದರು. ಮೈಮೇಲೆ ಅವರ ಸೀನಿಯರ್ ವಕೀಲರು ಹಾಕಿ ಬಿಟ್ಟ ಕೋಟು. ತೋಳು ಮಣಿಕಟ್ಟಿಗಿಂತ ಒಂದು ಗೇಣು ಮೇಲೆಯೇ ಮುಗಿದಿತ್ತು. ಹೊಟ್ಟೆಯ ಹತ್ತಿರ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ನನಗೆ ಆಗಲೂ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಸಾರ್, ಈ ಕೋಟಲ್ಲಿ ನೀವು ಕೋರ್ಟಿಗೆ ಹೋದ್ರೆ ಕಕ್ಷಿದಾರನೇ ನಿಮಗೆ ಜಾಮೀನು ಕೊಡಿಸಬೇಕಾಗ್ತದೆ."

ಅವರಿಗೆ ಸಿಟ್ಟು ಬರಲಿಲ್ಲ. ನಕ್ಕು, ಟೇಪಿಗೆ ಮೈ ಕೊಟ್ಟು ನಿಂತರು. ನನ್ನ ಕೈಯಾರೆ ಕತ್ತರಿಸಿದ ಮೊದಲ ಕರಿ ಕೋಟು ಅವರದು. ಆಮೇಲೆ ಅವರು ಬೇರೆಯವರ ಹತ್ತಿರ ಒಂದು ಅಂಗಿಯನ್ನೂ ಹೊಲಿಸಲಿಲ್ಲ.

ಅವರ ಬೆನ್ನಿನ ವಿಷಯ ಇಲ್ಲೇ ಹೇಳಬೇಕು. ಮೊದಲ ಕೋಟಿನ ಹೊತ್ತಿಗೆ ಅದು ನೆಟ್ಟಗೇ ಇತ್ತು. ಮೂರನೆಯ ಕೋಟಿನ ಹೊತ್ತಿಗೆ ಬಾಗತೊಡಗಿತು. ಕಾಯಿಲೆಯಲ್ಲ, ಕಸುಬು. ಅವರದು ಆರಡಿ ಎತ್ತರ, ಕಕ್ಷಿದಾರರು ಗಿಡ್ಡ. ನಮ್ಮ ಕಡೆಯ ಕಕ್ಷಿದಾರರು ಕಚೇರಿಯ ಕುರ್ಚಿಯಲ್ಲಿ ಕೂತಾಗ ಒಂದು ಕಥೆ ಹೇಳುತ್ತಾರೆ, ಕೋರ್ಟಿನ ಜಗಲಿಯಲ್ಲಿ ಕಿವಿಯ ಹತ್ತಿರ ಇನ್ನೊಂದು. ನಿಜ ಇರುವುದು ಎರಡನೆಯದರಲ್ಲಿ. ಆ ಎರಡನೆಯದನ್ನು ಕೇಳಲು ಇವರು ದಿನವೂ ಬಾಗಬೇಕು. ಒಳಗೆ ಹೋದರೆ ನ್ಯಾಯಾಧೀಶರಿಗೆ ಬಾಗಬೇಕು. ಚನ್ನಗಿರಿ ಮುಗಿಸಿ ಹೊನ್ನಾಳಿ, ಇನ್ನೊಂದು ದಿನ ಜಗಳೂರು ಎಂದು ಬಸ್ಸಿನಲ್ಲಿ ಓಡಾಡುವಾಗ ಸೀಟು ಸಿಗದೆ ನಿಂತರೆ ತಲೆ ಮೇಲಿನ ಕಂಬಿಗೆ ತಾಗುತ್ತಿತ್ತು, ಅಲ್ಲೂ ಬಾಗಬೇಕು. ಹೀಗಾಗಿ ನಾನು ಅವರ ಕೋಟಿನ ಹಿಂಭಾಗವನ್ನು ಉದ್ದವಾಗಿ, ಮುಂಭಾಗವನ್ನು ತುಸು ಗಿಡ್ಡವಾಗಿ ಕತ್ತರಿಸುತ್ತಿದ್ದೆ. ಬಾಗಿದ ಮೈಮೇಲೆ ಅದು ಅಚ್ಚು ಹೊಯ್ದ ಹಾಗೆ ಕೂರುತ್ತಿತ್ತು. ಉಳಿದ ವಕೀಲರು, "ಅವರಿಗೆ ಹೊಲಿದಂಗೆ ನಮಗೂ ಹೊಲಿಯೋ" ಎಂದು ಬರುತ್ತಿದ್ದರು. ಅವರಿಗೇನು ಗೊತ್ತು, ಅಂಥ ಕೋಟು ಮೈಮೇಲೆ ಕೂರಬೇಕಾದರೆ ಮೊದಲು ಇವರಂತೆ ಬಾಗಬೇಕೆಂದು.

ಹಿಸ್ಸೆ, ಬದು, ದಾರಿ, ಬಾವಿಯ ನೀರು—ಈ ಜಗಳಗಳಲ್ಲಿ ನಾಲ್ಕು ತಾಲ್ಲೂಕಿನ ಅರ್ಧ ಮನೆಗಳಿಗೆ ಅವರ ಪರಿಚಯವಾಯಿತು. ಕೆಲವು ಮನೆಗಳಲ್ಲಿ ಅಣ್ಣನ ವಕೀಲರಾಗಿ ಕೇಸು ಹಿಡಿದು, ಆಮೇಲೆ ಅಣ್ಣತಮ್ಮಂದಿರಿಗೆ ರಾಜಿ ಮಾಡಿಸಿ ಇಬ್ಬರ ಮನೆಯಲ್ಲೂ ಹೋಳಿಗೆ ಉಂಡವರು. ಇಂಥವರನ್ನು ರಾಜಕೀಯ ಬಿಡುತ್ತದೆಯೇ? ಒಂದು ಸಲ ಲೋಕಸಭೆಗೆ ನಿಂತರು.

ಸೋತರು. ಸೋಲಿಗೆ ಪೇಪರಿನವರು ಏನೇನೋ ಕಾರಣ ಬರೆದರು. ಪ್ರಚಾರಕ್ಕೆ ನಾನೂ ಭಾನುವಾರ ಅಂಗಡಿ ಮುಚ್ಚಿ ಜೊತೆಗೆ ಹೋಗಿದ್ದರಿಂದ ನಿಜವಾದ ಕಾರಣ ನನಗೆ ಗೊತ್ತು. ಹೊನ್ನಾಳಿಯ ಹತ್ತಿರ ಒಂದು ಹಳ್ಳಿಯಲ್ಲಿ ಅವರ ಹಳೆಯ ಕಕ್ಷಿದಾರರೊಬ್ಬರು ಹಾರ ಹಾಕಿ, ಕಾಫಿ ಕೊಟ್ಟು, ಕೊನೆಗೆ ಮುಖಕ್ಕೇ ಹೇಳಿದರು: "ನಿಮ್ಮ ಮೇಲೆ ಪ್ರೀತಿ ಐತೆ ವಕೀಲ್ರೆ, ಆದ್ರೆ ಓಟು ಹಾಕಾಕೆ ಆಗಲ್ಲ. ನೀವು ದಿಲ್ಲಿಗೆ ಹೋದ್ರೆ ನನ್ನ ಕೇಸು ಯಾರು ನೋಡ್ತಾರ್ರಿ?" ನ್ಯಾಮತಿಯಲ್ಲೂ ಇದೇ ಮಾತು, ಜಗಳೂರಿನಲ್ಲೂ ಇದೇ. ಕೇಸು ಗೆಲ್ಲಿಸಿದ ವಕೀಲರನ್ನು ಕೇಸು ಇದ್ದವರೇ ಸೋಲಿಸಿದರು. ವಕೀಲರು ಬುದ್ಧಿವಂತರು, ಮುಂದಿನ ಚುನಾವಣೆಗೆ ಮೊದಲೇ ತಮ್ಮ ಜೂನಿಯರನ್ನು ಊರೂರಿಗೆ ಕರೆದುಕೊಂಡು ಹೋಗಿ, ಇನ್ನು ನಿಮ್ಮ ಕೇಸು ಇವರು ನೋಡುತ್ತಾರೆ ಎಂದು ಕೈಹಿಡಿದು ಒಪ್ಪಿಸಿ ಬಂದರು. ಗೆದ್ದರು.

ಗೆದ್ದ ಮೂರನೆಯ ದಿನ ಒಂದು ಬೂದು ಬಣ್ಣದ ಬಟ್ಟೆ ಹಿಡಿದು ಅಂಗಡಿಗೆ ಬಂದರು. ಹಿಂದೆ ನಾಲ್ಕು ಕಾರು. ಕಾರಿನಿಂದ ಇಳಿದ ಹೊಸ ಹಿಂಬಾಲಕರಿಗೆ ನನ್ನ ಅಂಗಡಿ ಹಿಡಿಸಲಿಲ್ಲ. ದಿಲ್ಲಿಯಲ್ಲಿ ಸಂಸದರಿಗೇ ಹೊಲಿಯುವ ದೊಡ್ಡ ಟೈಲರುಗಳಿದ್ದಾರೆ ಎಂದು ಒಬ್ಬ ನನಗೆ ಕೇಳುವಂತೆಯೇ ಹೇಳಿದ. ವಕೀಲರು ಅವನ ಕಡೆ ನೋಡದೆ, ಈ ಮೊದಲನೆಯದನ್ನು ಇವನೇ ಹೊಲಿಯಲಿ, ಸರಿಹೋಗದಿದ್ದರೆ ಮುಂದಿನದು ನಿಮ್ಮ ದಿಲ್ಲಿಯವನಿಗೆ ಎಂದರು. ತಮಾಷೆಗೇ ಅಂದಿರಬಹುದು. ನನಗೆ ಮಾತ್ರ ಅದು ಎದೆಗೆ ಸೂಜಿ ಚುಚ್ಚಿದ ಹಾಗಾಯಿತು. ಇಷ್ಟು ವರ್ಷ ಒಬ್ಬ ಮನುಷ್ಯನ ಮೈಯನ್ನು ನೋಡಿಕೊಂಡು ಬಂದವನು ನಾನು. ಒಂದೇ ಕೋಟಿನಲ್ಲಿ ಅದು ಕೈತಪ್ಪಿ ಹೋಗಬಾರದು.

ಜೋಧಪುರಿ ಕೋಟು, ಮುಚ್ಚಿದ ಕಾಲರು. ಅಳತೆ ತೆಗೆಯುವಾಗ ಅವರು ಎಂದಿನಂತೆ ಬಾಗಿಯೇ ನಿಂತಿದ್ದರು. ನಾನು ಅವರ ಹಳೆಯ ಅಳತೆ ಬದಿಗಿಟ್ಟು, ನೆಟ್ಟಗೆ ನಿಲ್ಲಿ ಎಂದೆ. ಲಕ್ಷಾಂತರ ಜನ ಆರಿಸಿ ಕಳಿಸಿದ ಮನುಷ್ಯ ಅಲ್ಲಿ ಹೋಗಿ ಮುನ್ಸೀಫ್ ಕೋರ್ಟಿನ ಜಗಲಿಯಲ್ಲಿ ನಿಂತ ಹಾಗೆ ನಿಲ್ಲಬಾರದು ಎಂಬುದು ನನ್ನ ತೀರ್ಮಾನ. ನೆಟ್ಟಗೆ ನಿಲ್ಲಿಸಿ, ನೆಟ್ಟನೆಯ ಬೆನ್ನಿಗೇ ಕತ್ತರಿಸಿದೆ. ಟ್ರಯಲ್ ನೋಡಲು ಬಂದಾಗ ಬೆನ್ನು ಹಿಡಿಯುತ್ತದೆ ಎಂದರು. ನಿಂತರೆ ಹಿಡಿಯುವುದಿಲ್ಲ, ಬಾಗಿದರೆ ಹಿಡಿಯುತ್ತದೆ, ಬಾಗಬೇಡಿ ಎಂದೆ. ಗೊಣಗುತ್ತಲೇ ಒಯ್ದರು.

ಅವರ ಮೊದಲ ಭಾಷಣದ ದಿನ ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ಟಿವಿ ಮುಂದೆ ಕಾಲಿಡಲು ಜಾಗವಿರಲಿಲ್ಲ. ವಿಷಯ ರೈಲು. ಚನ್ನಗಿರಿಗೂ ರೈಲಿಲ್ಲ, ಹೊನ್ನಾಳಿಗೂ ಇಲ್ಲ, ನ್ಯಾಮತಿಗೂ ಇಲ್ಲ, ಜಗಳೂರಿಗೂ ಇಲ್ಲ. ರೈಲು ನೋಡಬೇಕಾದರೆ ನಾವು ಮೊದಲು ಬಸ್ಸು ಹತ್ತಬೇಕು. ನಾಲ್ಕೂ ಊರಿನ ಹೆಸರು ಅಲ್ಲಿ ಹೇಳಿ, ರೈಲು ಕೇಳಿಯೇ ಬರುತ್ತೇನೆಂದು ವಕೀಲರು ಮಾತು ಕೊಟ್ಟು ಹೋಗಿದ್ದರು.

ಎದ್ದು ನಿಂತರು. ಮೊದಲ ಕ್ಷಣ ಕೋಟು ಎಷ್ಟು ಚಂದ ಕೂತಿತ್ತೆಂದರೆ ನನ್ನ ಪಕ್ಕದವನ ತೊಡೆಗೆ ಹೊಡೆದೆ. ಅಷ್ಟರಲ್ಲಿ "ಮಾನ್ಯ ಸಭಾಧ್ಯಕ್ಷರೆ" ಎಂದು ಅವರು ಬಾಗಿದರು. ಬಾಗಿದವರು ಮೇಲೇಳಲೇ ಇಲ್ಲ. ಎದೆಯ ಮೇಲೆ ಬಟ್ಟೆ ಮಡಚಿಕೊಂಡಿತು, ಕಾಲರು ಕುತ್ತಿಗೆ ಬಿಟ್ಟು ಹಿಂದಕ್ಕೆ ಸರಿಯಿತು. ಪೀಠಿಕೆಯೇ ಒಂದು ಫರ್ಲಾಂಗು. ಕೋರ್ಟಿನಲ್ಲಿ ಮಾಡುತ್ತಿದ್ದ ಹಾಗೆ ಎಲ್ಲರಿಗೂ ವಂದನೆ, ವಿನಮ್ರ ನಿವೇದನೆ. ಚನ್ನಗಿರಿ ಎಂದರು, ನಾವು ಚಪ್ಪಾಳೆ ತಟ್ಟಿದೆವು. ಹೊನ್ನಾಳಿ ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು, ಸಮಯ ಮುಗಿಯಿತು ಎಂದರು ಸಭಾಧ್ಯಕ್ಷರು. ನ್ಯಾಯಾಧೀಶರು ಸಾಕೆಂದರೆ ವಕೀಲರು ಏನು ಮಾಡುತ್ತಾರೋ ಅದನ್ನೇ ಇವರು ಮಾಡಿದರು: ಕೈಮುಗಿದು, ಇನ್ನಷ್ಟು ಬಾಗಿ, ಕೂತುಬಿಟ್ಟರು. ರೈಲು ಎಂಬ ಮಾತು ಬಾಯಿಂದ ಹೊರಗೆ ಬರಲೇ ಇಲ್ಲ.

ಟೀ ಅಂಗಡಿಯ ಮೂಲೆಯಲ್ಲಿದ್ದ ಜಗಳೂರಿನ ಒಬ್ಬ ಸ್ಟಾಂಪ್ ವೆಂಡರ್ ಹೇಳಿದ: "ಹೊನ್ನಾಳಿ ತನಕ ಬಂತು ರೈಲು. ನಮ್ಮೂರಿಗೆ ಬರಾಕೆ ನಿಮ್ಮ ಟೈಲರು ಬಿಡಲಿಲ್ಲ. ಕೋಟು ನೋಡ್ರಿ, ಹೆಂಗೆ ಮೂಟೆ ಕಟ್ಟಿದಂಗೆ ಐತೆ."

ಆ ವಾರದ ಕೊನೆಗೆ ವಕೀಲರು ಊರಿಗೆ ಬಂದರು. ನ್ಯಾಮತಿಯಲ್ಲಿ ಒಂದು ಕಾರ್ಯಕ್ರಮ ಮುಗಿಸಿ, ಹೆಂಡತಿಯ ಜೊತೆ ನೇರ ಅಂಗಡಿಗೇ ಬಂದು, ಕೋಟನ್ನು ನನ್ನ ಟೇಬಲ್ ಮೇಲೆ ಮಗುಚಿ ಹಾಕಿದರು. ಬೆನ್ನಿನ ಹೊಲಿಗೆ ಕಂಕುಳ ತನಕ ಬಿಟ್ಟುಹೋಗಿತ್ತು.

"ಇದೇನಯ್ಯ ನೀನು ಹೊಲಿದಿದ್ದು?"

"ಕೋಟು ಸರಿ ಐತೆ ಸಾರ್. ಬೆನ್ನು ಸರಿಯಿಲ್ಲ."

"ಬೆನ್ನು ನಂದು. ಅಳತೆ ತಗಂಡೋನು ನೀನು. ಇಷ್ಟು ವರ್ಷ ನೋಡಿದ ಬೆನ್ನು ಆವತ್ತೊಂದಿನ ಕಾಣಲಿಲ್ವಾ?"

"ಕಂಡಿತ್ತು ಸಾರ್. ಬ್ಯಾಡ ಅಂತಲೇ ಬಿಟ್ಟೆ. ನಿಮ್ಮನ್ನ ರೈಲು ಕೇಳಾಕೆ ಕಳಿಸಿದ್ದು. ಜಾಮೀನು ಕೇಳಾಕಲ್ಲ."

ಹೇಳಿದ ಮೇಲೆ ಹೆಚ್ಚಾಯಿತೇನೋ ಅನ್ನಿಸಿತು. ಅವತ್ತು ದಿಲ್ಲಿ ಟೈಲರ ಮಾತೆತ್ತಿದ್ದ ಹಿಂಬಾಲಕ ಬಾಗಿಲಲ್ಲೇ ನಿಂತು ಕೆಮ್ಮಿದ. ದಿಲ್ಲಿಯ ಟೈಲರು ಹತ್ತಿರ ಹತ್ತಿರ ಬರುತ್ತಿರುವ ಹಾಗೆ ನನಗೆ ಕಂಡಿತು. ವಕೀಲರು ಬಿಡಲಿಲ್ಲ, ಬಾಗುವುದು ತಪ್ಪೇ, ಬಾಗಿಯೇ ಇಷ್ಟು ಜನರ ನಿಜ ಕೇಳಿದ್ದು, ನಾಳೆ ನೆಟ್ಟಗೆ ನಿಂತರೆ ಮುದುಕಿಯೊಬ್ಬಳು ತಮ್ಮ ಕಿವಿಗೆ ಏನು ಹೇಳಿಯಾಳು ಎಂದು ವಾದ ಹೂಡಿದರು. ಅವರ ವಾದದಲ್ಲೂ ತೂಕವಿತ್ತು. ನಾನೂ ಕತ್ತರಿ ಕೆಳಗಿಡಲಿಲ್ಲ.

ಬೆಂಚಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದ ಅವರ ಹೆಂಡತಿ ತಲೆಯೆತ್ತಿದರು. "ಇಬ್ಬರ ವಾದನೂ ಆಯ್ತಾ? ಅಣ್ಣಾರೆ, ಎರಡು ಕೋಟು ಮಾಡ್ರಿ. ಇಲ್ಲಿಗೆ ಬಾಗೋದು, ಅಲ್ಲಿಗೆ ನೆಟ್ಟಗಿರೋದು. ಇಲ್ಲಿಂದು ಅಲ್ಲಿಗೆ ಒಯ್ಯದಂಗೆ ಪೆಟ್ಟಿಗೆ ತುಂಬೋಳು ನಾನು." ಮತ್ತೆ ಮೊಬೈಲಿಗೆ ಬಗ್ಗಿದರು. ಇದರ ಮೇಲೆ ಅಪೀಲು ಇರಲಿಲ್ಲ.

ಊರಿಗೆಂದು ಬಾಗಿದ ಬೆನ್ನಿನ ಅಳತೆಗೆ ಇನ್ನೊಂದು ಕೋಟು ಹೊಲಿದೆ. ಬೂದು ಕೋಟಿನ ಬಿಟ್ಟ ಹೊಲಿಗೆಯನ್ನು ಎರಡೆರಡು ಸಲ ಹೊಲಿದು ಗಟ್ಟಿ ಮಾಡಿದೆ. ಒಳಗೆ ಮಡಚಿಟ್ಟ ಬಟ್ಟೆ ಇತ್ತು. ಬೇಕೆಂದರೆ ಬೆನ್ನು ಸಡಿಲ ಮಾಡಬಹುದಿತ್ತು. ಒಂದು ನೂಲಿನಷ್ಟೂ ಸಡಿಲ ಮಾಡಲಿಲ್ಲ.

ಮುಂದಿನ ಅಧಿವೇಶನದಲ್ಲಿ ಅವರಿಗೆ ಮತ್ತೆ ಸರದಿ ಬಂತು. ಟೀ ಅಂಗಡಿಯಲ್ಲಿ ಈ ಸಲ ಜನ ಕಡಿಮೆ, ಸ್ಟಾಂಪ್ ವೆಂಡರ್ ಮಾತ್ರ ಮುಂದಿನ ಬೆಂಚಿನಲ್ಲೇ ಕೂತಿದ್ದ. ವಕೀಲರು ಎದ್ದರು, ಬೂದು ಕೋಟಿನಲ್ಲಿ. ವಂದನೆ ಒಂದೇ ಉಸಿರಿನಲ್ಲಿ ಮುಗಿಯಿತು. ಚನ್ನಗಿರಿ ಆಯಿತು, ಹೊನ್ನಾಳಿ ಆಯಿತು, ನ್ಯಾಮತಿ ಬಂದಾಗ ಗಂಟೆ ಹೊಡೆಯಿತು. ಅವರು ಅಭ್ಯಾಸದಂತೆ ಬಾಗಲು ಹೊರಟರು. ನಾನು ನೋಡುತ್ತಿದ್ದದ್ದು ಮುಖವನ್ನಲ್ಲ, ಕಾಲರನ್ನು. ಅರ್ಧ ಬಾಗಿದವರು ಅಲ್ಲೇ ತಡೆದು ನಿಂತರು. ಮತ್ತೆ ನೆಟ್ಟಗಾದರು. ಬಟ್ಟೆಯ ಮೇಲೆ ಒಂದು ಸುಕ್ಕಿಲ್ಲ. "ಜಗಳೂರು ಬಾಕಿ ಇದೆ ಸಭಾಧ್ಯಕ್ಷರೆ" ಎಂದು, ಜಗಳೂರನ್ನೂ ಹೇಳಿ, ರೈಲನ್ನೂ ಕೇಳಿ, ಪೂರ್ತಿ ಮುಗಿಸಿಯೇ ಕೂತರು. ಸ್ಟಾಂಪ್ ವೆಂಡರ್ ಎದ್ದು ಬಂದು ನನ್ನ ಕೈಕುಲುಕಿದ, ರೈಲು ನಾನೇ ಬಿಟ್ಟವನ ಹಾಗೆ.

ಸಂಜೆ ವಕೀಲರ ಫೋನು ಬಂತು. ಗಂಟೆ ಬಾರಿಸಿದಾಗ ಕೂತೇಬಿಡುತ್ತಿದ್ದರಂತೆ.

"ಬಾಗಾಕೆ ಹೋದೆ ನೋಡು, ಹಿಂದಿನಿಂದ ಯಾರೋ ಕಾಲರ್ ಹಿಡಿದು ಎಳೆದಂಗಾತು. ನೀನೇ ಅನ್ಕಂಡೆ" ಎಂದರು. "ದಿಲ್ಲೀಲಿ ಇನ್ನೊಂದು ಬಟ್ಟೆ ತಗಂಡಿದೀನಿ. ಇದೇ ಅಳತೆಗೆ ಹೊಲಿ."

ಈಗ ಅವರ ಎರಡೂ ಬಗೆಯ ಕೋಟು ರಿಪೇರಿಗೆ ನನ್ನ ಬಳಿಯೇ ಬರುತ್ತವೆ. ದಿಲ್ಲಿಯದರಲ್ಲಿ ಮೇಜಿಗೆ ಊರಿ ಊರಿ ಮೊಣಕೈ ಸವೆದಿರುತ್ತದೆ. ಊರಿನದರಲ್ಲಿ ಬಲತೋಳು ಜಗ್ಗಿ ಉದ್ದವಾಗಿರುತ್ತದೆ. ಜನ ಅಲ್ಲೇ ಹಿಡಿದು ಎಳೆದು ಕಿವಿಯಲ್ಲಿ ಹೇಳುವುದು. ಎರಡನ್ನೂ ಸರಿಮಾಡಿ ಒಂದೇ ಇಸ್ತ್ರಿಯಲ್ಲಿ ತೀಡುತ್ತೇನೆ.

ನನ್ನ ಹತ್ತಿರ ಈಗ ಇರುವುದು ಇಷ್ಟು: ನಾಲ್ಕು ಹೊಲಿಗೆ ಮಷೀನು, ಒಂದು ಓವರ್‌ಲಾಕ್, ಯಜಮಾನರು ಕೊಟ್ಟ ಒಂದು ಕತ್ತರಿ, ಮೂವರು ಕೆಲಸಗಾರರು, ಒಬ್ಬ ಸಂಸದರ ಎರಡು ಅಳತೆ. ರೈಲು ಇನ್ನೂ ಬಂದಿಲ್ಲ.